ಕಚ್ಚು ಮುಚ್ಚಿದ ಬಣ್ಣ

ರನ್‌ವೇಯ ಜಲ್ಲಿ ಎದ್ದುಹೋಗಿ ಎಷ್ಟೋ ದಿನವಾಗಿತ್ತು. ಪುಟ್ಟ ವಿಮಾನ ಹೊರಟಾಗಲೆಲ್ಲ ಹರಳು ಚಿಮ್ಮಿ ಪ್ರೊಪೆಲ್ಲರಿಗೆ ಟಣ್ ಎಂದು ಬಡಿಯುವುದು ಪೈಲಟ್‌ಗೆ ರೂಢಿಯಾಗಿಬಿಟ್ಟಿತ್ತು. ಆ ದಿನ ಅವನ ತಾಯಿಗೆ ಮೊದಲ ಹಾರಾಟ. ಅದಕ್ಕೆಂದೇ ಪ್ರೊಪೆಲ್ಲರಿಗೆ ಹೊಸ ಬಣ್ಣ ಬಳಿದಿದ್ದ. ಅಮ್ಮನಂತೂ ಸ್ವೆಟರ್ ತೊಟ್ಟು, ವಿಮಾನ ಶೆಡ್ಡಿನಲ್ಲಿರುವಾಗಲೇ ಹತ್ತಿ ಹಿಂದಿನ ಸೀಟಿನಲ್ಲಿ ಕುಳಿತೇಬಿಟ್ಟಿದ್ದಳು.

ಅವನ ನಾದಿನಿ ವಿಮಾನ ರಿಪೇರಿಯ ಇಂಜಿನಿಯರ್. ಬೀಳ್ಕೊಡಲು ಬಂದವಳು ಪ್ರೊಪೆಲ್ಲರ್ ಅಲಗಿನ ಅಂಚಿನ ಮೇಲೆ ಉಗುರೆಳೆದಳು. ಒಂದು ಕಡೆ ಉಗುರು ತಡೆಯಿತು.

"ಭಾವ, ಇಲ್ಲೊಂದು ಕಚ್ಚು ಇದೆಯಲ್ಲ?"

"ಕಲ್ಲು ತಾಗಿದ್ದು. ಅಕ್ಕಿಕಾಳಿನಷ್ಟೂ ಇಲ್ಲ. ಬಣ್ಣ ಹೊಡೆದು ಮುಚ್ಚಿದ್ದೀನಿ."

"ಹುಳುಕು ಹಲ್ಲಿಗೆ ಸುಣ್ಣ ಬಳಿದ ಹಾಗಾಯ್ತು!"

"ನೀನು ಬಿಡಮ್ಮ, ಮೊಸರಲ್ಲೂ ಕಲ್ಲು ಹುಡುಕೋಳು."

"ಬಟ್ಟೆ ಅಂಗಡಿಯವನು ಅಂಚಿಗೆ ಒಂಚೂರು ಕತ್ತರಿ ತಾಗಿಸ್ತಾನೆ, ಆಮೇಲೆ ಎಳೆದರೆ ಪರ್ ಅಂತ ಹರಿಯಲ್ವ? ಇದೂ ಹಾಗೇ ಭಾವ. ಅಲಗು ತಿರುಗ್ತಾ ನಡುಗ್ತಾ ಇರುತ್ತೆ. ಕಚ್ಚಿನಿಂದಲೇ ಬಿರುಕು ಬೆಳೆಯುತ್ತೆ. ಮೇಲೆ ಹೋದಾಗ ತುದಿ ಮುರಿದರೆ, ಇಂಜಿನ್ನೇ ಅಲುಗಾಡಿ ಕಿತ್ತು ಬರಬಹುದು."

"ಇಷ್ಟು ದಿನ ಹಾರಿಲ್ವ? ಏನಾಯ್ತು?"

ಒಳಗಿನಿಂದ ಅಮ್ಮ ಗದರಿದಳು: "ಲೋ, ನಿನ್ನೆ ಬೀಳದ ಗೋಡೆ ಇವತ್ತೂ ಬೀಳಲ್ಲ ಅಂತ ನಿನಗ್ಯಾರೋ ಹೇಳಿದ್ದು? ನೋಡಲಿ ಬಿಡು ಅವಳು."

ನಾದಿನಿ ತನ್ನ ಕೆಲಸದ ಚೀಲ ತಂದಳು. ಕಚ್ಚಿನ ಸುತ್ತ ಬಣ್ಣ ತೆಗೆದು, ಬಿರುಕಿಗೆ ಇಳಿಯುವಂಥ ಕೆಂಪು ದ್ರವ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ಚೆನ್ನಾಗಿ ಒರೆಸಿದಳು. ಮೇಲೆ ಬಿಳಿ ಪುಡಿ ಸಿಂಪಡಿಸಿದಳು. ಬಿರುಕಿನೊಳಗೆ ಉಳಿದಿದ್ದ ದ್ರವ ಆ ಬಿಳುಪಿನ ಮೇಲೆ ಕೂದಲೆಳೆಯಂಥ ಕೆಂಪು ಗೆರೆಯಾಗಿ ಮೆಲ್ಲಗೆ ಮೂಡಿತು.

ಪೈಲಟ್ ಹತ್ತಿರ ಬಂದು ಬಗ್ಗಿದ. ಗೆರೆಯನ್ನು ನೋಡಿದ, ಸೀಟಿನಲ್ಲಿದ್ದ ತಾಯಿಯನ್ನು ನೋಡಿದ. ಹೋಗಿ ಕೈ ಚಾಚಿದ.

"ಅಮ್ಮಾ, ಇಳಿ."

"ಇಳೀತೀನಿ, ಮುಖ ಯಾಕೆ ಹಾಗೆ ಮಾಡ್ಕೋತೀಯ? ಹೊಸದು ಹಾಕಿಸು. ನಾನೇನು ಓಡಿಹೋಗ್ತೀನಾ?"

ಹೊಸ ಪ್ರೊಪೆಲ್ಲರ್ ಬಂತು. ರನ್‌ವೇಯ ಜಲ್ಲಿಯನ್ನೂ ಗುಡಿಸಿದ್ದಾಯಿತು. ಅಮ್ಮ ಹಾರಿದಳು. ಮೇಲಿನಿಂದ ತನ್ನ ಮನೆಯ ತಾರಸಿ ಕಂಡಿದ್ದೇ ತಡ, "ಅಯ್ಯೋ, ಒಣಗಿದ ಬಟ್ಟೆ ತೆಗೆಯೋದೇ ಮರೆತೆ ಕಣೋ!" ಎಂದು ಕೂಗಿದಳು.

ಪುಟ್ಟ ವಿಮಾನ ಹಾರಿಸುವ ಅಣ್ಣಂದಿರೇ, ಅಕ್ಕಂದಿರೇ, ಅಲಗಿನ ಕಚ್ಚನ್ನು ಬಣ್ಣದಿಂದ ಮುಚ್ಚಬೇಡಿ. ಪ್ರೊಪೆಲ್ಲರ್ ನೆಲಕ್ಕೆ ತಾಗಿ ಬಾಗಿದರೆ ನೀವೇ ಬಡಿದು ನೆಟ್ಟಗೆ ಮಾಡಲು ಹೋಗಬೇಡಿ. ತುಕ್ಕೋ ಸಡಿಲ ಬೋಲ್ಟೋ ಕಂಡರೆ ಕಲಿತ ಮೆಕ್ಯಾನಿಕ್ಕನ್ನು ಕರೆಯಿರಿ. ಹಾರುವಾಗ ಇದ್ದಕ್ಕಿದ್ದಂತೆ ನಡುಕ ಹುಟ್ಟಿದರೆ ಇಂಜಿನ್ ವೇಗ ತಗ್ಗಿಸಿ, ಹತ್ತಿರದಲ್ಲೇ ಇಳಿಯಿರಿ. ನಿಮ್ಮ ಜೊತೆ ಹತ್ತುವವರಿಗೆ ಅಲಗಿನ ವಿಷಯ ಗೊತ್ತಿರುವುದಿಲ್ಲ, ನಿಮ್ಮನ್ನು ನಂಬಿ ಹತ್ತುತ್ತಾರೆ.