ಹನ್ನೊಂದಕ್ಕೆ ತೆರೆಯುವ ಬೀಗ

“ಕಾರ್ಪೆಟ್ ಮೇಲೆ ಕಾಲಿಡ್ಬೇಡ ಕಣೇ ಮುಂಡೆ! ಅಲ್ಲೇ, ಬಾಗ್ಲಲ್ಲೇ ನಿಂತ್ಕೊ. ಚಪ್ಲಿ ಆಚೆ ಬಿಟ್ಯಾ? ಕಾಲು ತೊಳ್ಕೊಂಡ್ಯಾ?”

ಸಂಗಮೇಶ ಬೈಯುತ್ತಿದ್ದರೆ ಲತಾಮಣಿ ತನ್ನ ಪಾದಗಳನ್ನು ನೋಡಿಕೊಂಡಳು. ಬಿ ಬ್ಲಾಕಿನ ಮೆಟ್ಟಿಲು ಒರೆಸುತ್ತಿದ್ದವಳನ್ನು ಅರ್ಧಕ್ಕೇ ಎಬ್ಬಿಸಿ ಸಂಘದ ಆಫೀಸಿಗೆ ಕರೆತಂದಿದ್ದರು. ಬೆರಳ ಸಂದಿಯಲ್ಲಿ ಫಿನಾಯಿಲಿನ ನೀರು ಇನ್ನೂ ಇತ್ತು. ಬೈಗುಳ ಕಿವಿಗೆ ಬೀಳುತ್ತಿತ್ತು, ಒಳಗೆ ಇಳಿಯುತ್ತಿರಲಿಲ್ಲ. ಗಂಡ ಸತ್ತಂದಿನಿಂದ ಹಾಗೇ. ಅಳು ಬರಲಿಲ್ಲ, ಸಿಟ್ಟು ಬರಲಿಲ್ಲ. ಯಾರಾದರೂ ಅನ್ನ ಹಾಕಿದರೆ ಉಣ್ಣುತ್ತಿದ್ದಳು, ಪೊರಕೆ ಕೊಟ್ಟರೆ ಗುಡಿಸುತ್ತಿದ್ದಳು.

ಹುಳಿಮಾವು ಕೆರೆಯ ಆಚೆ ಎದ್ದಿರುವ ಆ ಅಪಾರ್ಟ್‌ಮೆಂಟಿಗೆ ಸಂಗಮೇಶ ಮ್ಯಾನೇಜರು. ನೀರು, ಕರೆಂಟು, ಲಿಫ್ಟು, ಕಸ, ಕೆಲಸದವರು ಎಲ್ಲವೂ ಅವನ ಕೈಕೆಳಗೆ. ಮೇಜಿನ ಆಚೆ ಕೂತಿದ್ದವರು ಭಾರ್ಗವ, ನಿವಾಸಿಗಳ ಸಂಘದ ಅಧ್ಯಕ್ಷರು. ಅವರು ಬೈಯುವವರಲ್ಲ. ಬೈಯುವುದಕ್ಕೆಂದೇ ಸಂಗಮೇಶನಿಗೆ ಸಂಬಳ ಕೊಟ್ಟು ಇಟ್ಟುಕೊಂಡಿದ್ದರು.

“ನೋಡಮ್ಮ ಲತಾ,” ಎಂದರು ಭಾರ್ಗವ, ಕನ್ನಡಕ ಒರೆಸುತ್ತ. “ಬೆಳಿಗ್ಗೆಯಿಂದ ನಮ್ಮ ಗ್ರೂಪಲ್ಲೆಲ್ಲ ಒಂದು ಮೆಸೇಜ್ ಓಡಾಡ್ತಿದೆ. ನಿನ್ನ ಗಂಡ ಚೌಡಪ್ಪ ಟ್ಯಾಂಕಿಗೆ ಇಳಿದ ವಿಡಿಯೋ ಇದೆಯಂತೆ. ಬ್ಲಾಕ್‌ಚೈನ್‌ನಲ್ಲಿ ಲಾಕ್ ಮಾಡಿದಾರಂತೆ. ಇವತ್ತು ಹನ್ನೊಂದಕ್ಕೆ ತಾನೇ ಓಪನ್ ಆಗುತ್ತಂತೆ. ಯಾರು ಹಾಕಿದ್ದು?”

“ಯೂನಿಯನ್ನೋರು ಸಾರ್.”

“ಅವರಿಗೆ ಕೊಟ್ಟಿದ್ದು?”

“ನಾನೇ.”

“ಕೇಳಿದ್ರಾ ಸಾರ್?” ಸಂಗಮೇಶ ಹಾರಿಬಿದ್ದ. “ಉಂಡ ಮನೆ ಜಂತೆ ಎಣ್ಸೋ ಜಾತಿ. ಬೇಸ್‌ಮೆಂಟಲ್ಲಿ ರೂಮ್ ಕೊಟ್ಟು ಮಡಿಕ್ಕೊಂಡಿದ್ದಕ್ಕೆ ಇದು!”

ಆ ರೂಮಿಗೆ ಕಿಟಕಿ ಇಲ್ಲ. ಅದರ ಗೋಡೆಯ ಆಚೆಗೇ ಟ್ಯಾಂಕು. ಅಷ್ಟೂ ಬ್ಲಾಕುಗಳ ಕಕ್ಕಸು, ಬಚ್ಚಲು, ಅಡುಗೆಮನೆಯ ಕೊಳಚೆಯೆಲ್ಲ ಅಲ್ಲಿಗೆ ಬಂದು ಬೀಳಬೇಕು. ಮಷೀನು ಕಟ್ಟಿಕೊಂಡರೆ ಚೌಡಪ್ಪ ಇಳಿಯಬೇಕು. ಹಾಗೆ ಇಳಿದವನು ಹೆಣವಾಗಿ ಮೇಲೆ ಬಂದ. ಈಗ ಅಲ್ಲಿ ‘ಅಪಾಯ, ಯಾರೂ ಇಳಿಯಕೂಡದು’ ಎಂಬ ಬೋರ್ಡು ಬಂದಿದೆ, ಗೋಡೆಗೆ ಹೊಸ ಮಾಸ್ಕು ತೂಗುಹಾಕಿದ್ದಾರೆ. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದರಂತೆ.

‘ಟ್ಯಾಂಕಿಗೆ ಇಳಿಯೋಕೆ ಮುಂಚೆ ಫೋನ್ ಆನ್ ಮಾಡಿ ಎಲ್ಲಾದರೂ ಒರಗಿಸಿ ಇಡಿ’ ಎಂದು ಕೊಳಚೆ ಕೆಲಸಗಾರರ ಯೂನಿಯನ್ನಿನವರು ಎಲ್ಲರಿಗೂ ಹೇಳಿಕೊಟ್ಟಿದ್ದರು. ಚೌಡಪ್ಪ ಪೈಪಿನ ಮೇಲೆ ಒರಗಿಸಿ ಇಳಿದಿದ್ದ. ಎಲ್ಲರೂ ಆಂಬುಲೆನ್ಸಿನ ಹಿಂದೆ ಓಡುತ್ತಿದ್ದಾಗ ಲತಾಮಣಿಯ ಕಣ್ಣಿಗೆ ಆ ಫೋನು ಬಿತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡಳು. ಒಳಗೆ ಏನಿದೆ ಎಂದು ನೋಡುವ ಧೈರ್ಯ ಅವಳಿಗೆ ಇವತ್ತಿನವರೆಗೂ ಬಂದಿಲ್ಲ. ಅವತ್ತು ಮೇಲೆ ನಿಂತು ಹಗ್ಗ ಹಿಡಿದಿದ್ದ ತನ್ನ ತಮ್ಮ ಸೀನುವನ್ನು ಕೇಳೋಣವೆಂದರೆ ಅವನು ಅಂದಿನಿಂದ ಬಾಯೇ ಬಿಟ್ಟಿಲ್ಲ.

ಫೋನನ್ನು ಬಿಟಿಎಂ ಲೇಔಟಿನ ಯೂನಿಯನ್ ಆಫೀಸಿಗೆ ಒಯ್ದು, ಅಲ್ಲಿ ಇಂಥ ಕೇಸು ನೋಡಿಕೊಳ್ಳುವ ಲಿಖಿತಾಳ ಕೈಗಿಟ್ಟಳು. ಲಿಖಿತಾ ಒಬ್ಬಳೇ ಒಳಗೆ ಹೋಗಿ ನೋಡಿ, ಮುಖ ತೊಳೆದುಕೊಂಡು ಬಂದಳು.

“ಎಲ್ಲಾ ಇದೆ ಅಕ್ಕ ಇದರಲ್ಲಿ. ಯಾರು ಇಳ್ಸಿದ್ದು ಅನ್ನೋದೂ ಇದೆ. ಆದ್ರೆ ಈಗ್ಲೇ ಬಿಟ್ರೆ ಇದಕ್ಕೆ ತಕ್ಕ ಹಾಗೆ ಸುಳ್ಳು ಹೊಲ್ಕೊಂತಾರೆ. ಲೇಬರ್ ಆಫೀಸರ್ ತಾರೀಖು ಕೊಟ್ಟಿದಾರೆ, ಮೊದಲು ಅವತ್ತು ಸಂಘದೋರು ಹೇಳಿಕೆ ಬರ್ಕೊಡ್ಲಿ. ಅದಾದ ಮಾರನೇ ದಿನ ಬಿಡೋಣ.”

“ಅಷ್ಟೊತ್ತಿಗೆ ನಾನು ಹೆದರ್ಕೊಂಬಿಡ್ತೀನಿ ಮೇಡಂ.”

“ಯಾಕಕ್ಕ? ನಾವಿದೀವಲ್ಲ.”

“ನೀವಿರ್ತೀರ. ಬನಶಂಕರೀಲಿ ನಮ್ ಸೋದರಮಾವ ಮ್ಯಾನ್‌ಹೋಲಲ್ಲಿ ಸತ್ತಾಗ್ಲೂ ನಿಮ್ಮಂಥೋರು ಇದ್ರು. ನಮ್ಮತ್ತೆ ರಾಜಿ ಕಾಗದಕ್ಕೆ ಸೈನ್ ಹಾಕ್ಬುಟ್ಳು. ನಮ್ಮೋರು ಎಲ್ರೂ ಕೊನೇಗೆ ಸೈನ್ ಹಾಕ್ತಾರೆ. ನಾನೂ ಹಾಕ್ತೀನಿ. ಅದ್ಕೇ ಹೇಳ್ತೀನಿ, ನಾನೇ ಬಂದು ಕಾಲಿಗ್ ಬಿದ್ರೂ ವಾಪಸ್ ತಗಳಾಕ್ ಆಗ್ಬಾರ್ದು. ಅಂಗೆ ಎಲ್ಲಾದ್ರೂ ಮಡಗಿ.”

ಲಿಖಿತಾ ಯಾರು ಯಾರಿಗೋ ಫೋನ್ ಮಾಡಿದಳು. ಎರಡು ದಿನ ಬಿಟ್ಟು ಕರೆಸಿ ತಿಳಿಸಿ ಹೇಳಿದಳು: ದೇವಸ್ಥಾನದ ಹುಂಡಿಗೆ ಒಂದೇ ಬೀಗ ಇದ್ದರೂ ಕೀಲಿ ನೂರು ಚೂರಾಗಿ ನೂರು ಊರಿನವರ ಹತ್ತಿರ ಇದೆ ಅಂದುಕೊಳ್ಳಿ. ಹೇಳಿದ ಗಳಿಗೆ ಬರುವ ತನಕ ಯಾರೂ ತಮ್ಮ ಚೂರು ಕೊಡುವುದಿಲ್ಲ. ಗಳಿಗೆ ಬಂದರೆ ಎಲ್ಲರೂ ತಾವಾಗಿಯೇ ಕೊಡುತ್ತಾರೆ. ಮಧ್ಯೆ ನಾನು ಬೇಡ ಅಂದರೂ, ಪೊಲೀಸು ಬೇಡ ಅಂದರೂ, ಕೋರ್ಟು ಬೇಡ ಅಂದರೂ ಅದಕ್ಕೆ ಕಿವಿ ಇಲ್ಲ.

ಕಿವಿ ಇಲ್ಲದ್ದು ಒಳ್ಳೆಯದು ಎನ್ನಿಸಿತ್ತು ಲತಾಮಣಿಗೆ ಅವತ್ತು.

ನಿನ್ನೆ ಭಾರ್ಗವರು ಲೇಬರ್ ಆಫೀಸರ ಮುಂದೆ ಪ್ರಮಾಣ ಮಾಡಿ ಬರೆದುಕೊಟ್ಟಿದ್ದರು. ಚೌಡಪ್ಪ ಕುಡಿದು, ಯಾರಿಗೂ ಹೇಳದೆ ತಾನಾಗಿಯೇ ಇಳಿದ. ಸಂಘದವರಿಗಾಗಲಿ ಮ್ಯಾನೇಜರಿಗಾಗಲಿ ಈ ವಿಷಯ ಗೊತ್ತೇ ಇರಲಿಲ್ಲ.

“ಇದರ ಅಡ್ಮಿನ್ ಯಾರು?” ಭಾರ್ಗವ ಕೇಳಿದರು.

“ಗೊತ್ತಿಲ್ಲ ಸಾರ್. ಯಾರೂ ಇಲ್ವಂತೆ.”

“ಅಡ್ಮಿನ್ ಇಲ್ಲದ್ದು ಈ ದೇಶದಲ್ಲಿ ಯಾವುದೂ ಇಲ್ಲಮ್ಮ.” ಅವರಿಗೆ ಅದರಲ್ಲಿ ಪೂರ್ತಿ ನಂಬಿಕೆ. ಟ್ಯಾಂಕಿನ ಲೈಸೆನ್ಸಿಗೆ, ಕೆರೆಯ ಕಡೆಗೆ ತೋಡಿದ ಕಳ್ಳ ಚರಂಡಿಗೆ, ಸ್ಟೇಷನ್ನಿಗೆ, ಎಲ್ಲೆಲ್ಲೂ ದುಡ್ಡಿಗೆ ಬಾಗುವ ಒಬ್ಬ ಮನುಷ್ಯ ಅವರಿಗೆ ಸಿಕ್ಕೇ ಸಿಕ್ಕಿದ್ದ.

“ಆ ಯೂನಿಯನ್ ಲೌಡಿಗೆ ಹೇಳೇ, ಡಿಲೀಟ್ ಫಾರ್ ಎವ್ರಿಒನ್ ಕೊಡು ಅಂತ!” ಎಂದ ಸಂಗಮೇಶ. ಅವನು ತನ್ನ ಫೋನ್ ತೆಗೆದು ಅವಳ ಮುಖಕ್ಕೆ ಹಿಡಿದ. “ನೋಡು. ಯಾರು ಗೊತ್ತಾ?”

ಸೀನು. ಸ್ಟೇಷನ್ನಿನ ನೆಲದ ಮೇಲೆ, ಬರೀ ಚಡ್ಡಿಯಲ್ಲಿ, ಮೊಣಕಾಲು ತಬ್ಬಿಕೊಂಡು ಕೂತಿದ್ದ.

“ಹಗ್ಗ ಹಿಡ್ದಿದ್ದು ಇವ್ನು ತಾನೇ? ವಿಡಿಯೋ ಆಚೆ ಬಂತು ಅಂದ್ರೆ ಕೇಸ್ ಇವನ ಮೇಲೇ ಕಣೇ. ಭಾವನ್ನ ಗುಂಡಿಗೆ ತಳ್ಳಿ ಸಾಯ್ಸಿದ ಅಂತ ಬರೀತಾರೆ. ಗಂಡನ್ನ ತಿಂದ್ಕೊಂಡೆ, ಈಗ ತಮ್ಮನ್ನೂ ತಿನ್ನು!”

ಇಷ್ಟು ದಿನ ಅಲುಗಾಡದೆ ಇದ್ದದ್ದು ಆಗ ಅವಳೊಳಗೆ ಅಲುಗಿತು. ಅದು ದುಃಖವಲ್ಲ, ಭಯ. ಅಲ್ಲೇ ಮಂಡಿಯೂರಿದಳು. ಕಾರ್ಪೆಟ್ಟಿನ ಮೇಲೆ ಅಂಗೈ ಊರಿಕೊಂಡು ಮೇಜಿನವರೆಗೂ ತೆವಳಿದಳು.

“ಬ್ಯಾಡ ಸಾಮಿ. ಅವನಿಗಿನ್ನೂ ಮದ್ವೆ ಆಗಿಲ್ಲ. ತೆಗಿಸ್ತೀನಿ. ನಿಮ್ ದಮ್ಮಯ್ಯ, ಫೋನ್ ಮಾಡಿಕೊಡಿ.”

ಲಿಖಿತಾಳ ದನಿ ಸ್ಪೀಕರಿನಲ್ಲಿ ಬಂತು. “ಅಕ್ಕ, ಸೀನು ವಿಷಯ ಗೊತ್ತಾಯ್ತು. ನಮ್ಮ ವಕೀಲರು ಸ್ಟೇಷನ್ ಹತ್ರ ಹೊರಟಿದಾರೆ. ಹೆದರ್ಬೇಡಿ.”

“ವಿಡಿಯೋ ತೆಗೀರಿ ಮೇಡಂ.”

“ಆಗಲ್ಲ ಅಕ್ಕ.”

“ಆಗಲ್ಲ ಅಂದ್ರೇನು? ನಂದು ಅದು! ನನ್ ಗಂಡಂದು! ನಾನೇ ಹೇಳ್ತಾ ಇವ್ನಿ, ತೆಗ್ದಾಕಿ!”

“ನೀವು ಹೇಳಿದ್ರೂ ಆಗಲ್ಲ.” ಲಿಖಿತಾ ಅಳುತ್ತಿದ್ದಳೋ ಏನೋ. “ನೀವೇ ಅಲ್ವ ಅಕ್ಕ ಹಾಗೆ ಮಾಡ್ಸಿದ್ದು?”

ಆ ಕ್ಷಣ ಲಿಖಿತಾಳನ್ನು, ನೂರು ಊರಿನ ನೂರು ಚೂರುಗಳನ್ನು, ಎಲ್ಲಕ್ಕಿಂತ ಹೆಚ್ಚಾಗಿ ಅವತ್ತು ಹಾಗೆ ಹೇಳಿಬಂದ ತನ್ನ ಬಾಯನ್ನು ಅವಳು ದ್ವೇಷಿಸಿದಳು. ಸಂಗಮೇಶ ಫೋನ್ ಕಿತ್ತುಕೊಂಡು ಬಾಯಿಗೆ ಬಂದದ್ದೆಲ್ಲ ಬೈದ. ಆ ಕಡೆ ಲೈನ್ ಕಟ್ಟಾಯಿತು.

ಭಾರ್ಗವರು ಗೋಡೆಯ ಗಡಿಯಾರ ನೋಡಿದರು. ಡ್ರಾಯರ್ ಎಳೆದು ಒಂದು ಕಾಗದ ತೆಗೆದರು. ಬೆಳಿಗ್ಗೆಯೇ ಟೈಪ್ ಮಾಡಿಸಿಟ್ಟಿದ್ದರು. “ಹೋಗ್ಲಿ ಬಿಡು. ಬರೋದು ಬರ್ಲಿ. ಇದಕ್ಕೆ ಸೈನ್ ಹಾಕು. ಅದು ಕಂಪ್ಯೂಟರಲ್ಲಿ ಮಾಡಿರೋ ಸುಳ್ಳು ವಿಡಿಯೋ, ಅದರಲ್ಲಿರೋದು ನನ್ನ ಗಂಡನ ದನಿ ಅಲ್ಲ ಅಂತ ಇದೆ. ಸೈನ್ ಹಾಕಿದ ತಕ್ಷಣ ಇನ್ಸ್‌ಪೆಕ್ಟರಿಗೆ ನಾನೇ ಫೋನ್ ಮಾಡ್ತೀನಿ. ಸೀನು ಮಧ್ಯಾಹ್ನ ಊಟಕ್ಕೆ ಮನೇಲಿರ್ತಾನೆ.”

ಅವಳು ಪೆನ್ನು ತೆಗೆದುಕೊಂಡಳು. ಹಾಕುತ್ತೇನೆಂದು ತನಗೆ ಮೊದಲೇ ಗೊತ್ತಿತ್ತಲ್ಲ. ಮತ್ತೆ ಮೈಯೆಲ್ಲ ಮರಗಟ್ಟಿತು, ಕೈ ಒಂದು ಮಾತ್ರ ಚಲಿಸುತ್ತಿತ್ತು. ‘ಲತಾ’ ಎಂದು ಬರೆದಳು.

ಹನ್ನೊಂದಾಯಿತು. ಮೇಜಿನ ಮೇಲಿದ್ದ ಭಾರ್ಗವರ ಫೋನು ಗುರ್ ಎಂದಿತು. ಸಂಗಮೇಶನದೂ ಗುರ್ ಎಂದಿತು. ಆಮೇಲೆ ಎರಡೂ ನಿಲ್ಲಲೇ ಇಲ್ಲ. ಭಾರ್ಗವರು ಫೋನ್ ಎತ್ತಿಕೊಂಡು ಗ್ರೂಪಿಗೆ ಬಂದ ವಿಡಿಯೋ ಒತ್ತಿದರು.

ಮೊದಲು ಕೆಮ್ಮು ಕೇಳಿಸಿತು, ಚೌಡಪ್ಪನ ಬೀಡಿ ಕೆಮ್ಮು. ಪೆನ್ನು ಅಲ್ಲೇ ನಿಂತಿತು. ಮೇಜಿನ ಈಚೆಯಿಂದಲೂ ಅವಳಿಗೆ ಕಾಣುತ್ತಿತ್ತು: ಬಗ್ಗಿದ ಸೀನು, ದಾರಕ್ಕೆ ಕಟ್ಟಿದ ತಗಡಿನ ಡಬ್ಬಿ, ಅದರಲ್ಲಿ ಉರಿಯುವ ಕರ್ಪೂರ. ಟ್ಯಾಂಕಿಗೆ ಇಳಿಯುವವರು ಮೊದಲು ಯಾವಾಗಲೂ ಹಾಗೆ ಪರೀಕ್ಷೆ ಮಾಡುತ್ತಾರೆ. ಕರ್ಪೂರ ಉರಿದರೆ ಉಸಿರಾಡಬಹುದು, ಆರಿದರೆ ಇಳಿಯಬಾರದು. ಡಬ್ಬಿ ಒಳಗೆ ಹೋಯಿತು. ಆರಿತು. ಇನ್ನೊಂದು ಬಿಲ್ಲೆ ಹಚ್ಚಿ ಬಿಟ್ಟ. ಅದೂ ಆರಿತು.

“ಭಾವ, ಬ್ಯಾಡ. ಎಲ್ಡ್ ಸಲ ಆರೋಯ್ತು. ಗ್ಯಾಸ್ ಐತೆ. ನಾನ್ ಹಗ್ಗ ಹಿಡಿಯಾಕಿಲ್ಲ ಹೋಗು.”

“ಗಾಳಿಗೆ ಆರಿದೆ ಕಣೋ ಬೋಳಿಮಗನೆ,” ಎಂದಿತು ಸಂಗಮೇಶನ ದನಿ. “ಇಳಿಯೋ ಚೌಡ.”

ನೆಲದಡಿ ಎರಡು ಅಂತಸ್ತು, ಬೀಡಿ ಹಚ್ಚಿದರೆ ಹೊಗೆ ಅಲುಗದೆ ನಿಲ್ಲುವ ಜಾಗ. ಅಲ್ಲಿ ಗಾಳಿಯಂತೆ.

ಆಮೇಲೆ ಇನ್ನೊಂದು ದನಿ, ಸಂಗಮೇಶನ ಫೋನಿನ ಸ್ಪೀಕರಿನಿಂದ, ಬೈಯದ ಭಾರ್ಗವರ ಸಮಾಧಾನದ ದನಿ. “ಸಂಜೆ ಕ್ಲಬ್‌ಹೌಸಲ್ಲಿ ಫಂಕ್ಷನ್ ಇದೆ ಸಂಗಮೇಶ್. ವಾಸನೆ ತಡೆಯೋಕಾಗ್ತಿಲ್ಲ. ಇಳ್ಸಿ ಅವನ್ನ, ಏನಾಗಲ್ಲ.”

ಭಾರ್ಗವರು ತಡಬಡಿಸಿ ವಿಡಿಯೋ ನಿಲ್ಲಿಸಿದರು. ನಿಲ್ಲಿಸಿದರೂ ಅದೇ ದನಿ ಆಚೆ ಕಾರಿಡಾರಿನಿಂದ ಬಂತು. ಸೆಕ್ಯುರಿಟಿಯವನ ಫೋನು. ಅದರ ಹಿಂದೆಯೇ ಮೇಲಿನ ಯಾವುದೋ ಬಾಲ್ಕನಿಯಿಂದ ಇನ್ನೊಂದು.

“ಪೂರ್ತಿ ಮಾಡೇ ಸೈನು!” ಸಂಗಮೇಶ ಕಾಗದವನ್ನು ಅವಳ ಮುಂದಕ್ಕೆ ನೂಕಿದ. “ತಮ್ಮ ಬೇಕಾ ಬೇಡ್ವಾ? ಬರಿ!”

“ಅವ್ನು ಬ್ಯಾಡ ಅಂದವ್ನೆ,” ಎಂದಳು ಲತಾಮಣಿ. ಅವಳ ದನಿ ಅವಳಿಗೇ ಹೊಸದಾಗಿ ಕೇಳಿಸಿತು. “ಸೀನ ಬ್ಯಾಡ ಅಂದವ್ನೆ ಸಾರ್. ಎಲ್ರಿಗೂ ಕೇಳುಸ್ತು.”

ಪೆನ್ನನ್ನು ಮೇಜಿನ ಮೇಲಿಟ್ಟಳು. ಎದ್ದು ನಿಂತು, ಭಾರ್ಗವರ ಎದುರಿನ ಕುರ್ಚಿಯನ್ನು ಎಳೆದುಕೊಂಡು ಕೂತಳು. ಕೈ ಚಾಚಿ ಅವರ ಬೆರಳುಗಳ ನಡುವಿನಿಂದ ಫೋನನ್ನು ಬಿಡಿಸಿಕೊಂಡಳು. ಅವರಿಗೆ ತಡೆಯಬೇಕೆಂದು ಹೊಳೆಯಲೂ ಇಲ್ಲ.

“ಮೊದ್ಲಿಂದ ನೋಡ್ಬೇಕು ಸಾರ್. ನಾನಿನ್ನೂ ಪೂರ್ತಿ ನೋಡಿಲ್ಲ.”

ಹೆಬ್ಬೆರಳಿನಿಂದ ಒತ್ತಿದಳು. ದನಿಯನ್ನು ಎಷ್ಟು ಏರುತ್ತದೋ ಅಷ್ಟೂ ಏರಿಸಿದಳು. ಚೌಡಪ್ಪ ಕೆಮ್ಮಿದ.

ಭಾರ್ಗವರು ಫೋನಿಗೆ ಕೈ ಚಾಚಿದರು. ಅವಳು ಕೊಡಲಿಲ್ಲ.