ನಡುಹೊಲದ ಮಣ್ಣು

"ತಾತ, ಈ ಎರಡೂ ಒಂದೇ ಹೊಲದ ಮಣ್ಣಾ?"

ಲ್ಯಾಬಿನ ಹುಡುಗಿ ಧನುಶ್ರೀ ಹೀಗೆ ಕೇಳಿದ್ದು ಇದು ಮೂರನೇ ಸಲ. ಹೆಬ್ಬಾಳದ ಮಣ್ಣು ಪರೀಕ್ಷೆ ಲ್ಯಾಬಿನ ಮೇಜಿನ ಮೇಲೆ ಎರಡು ಹಾಳೆ ಪಕ್ಕಪಕ್ಕ ಇಟ್ಟುಕೊಂಡು, ಒಮ್ಮೆ ಈ ಕಡೆ ಒಮ್ಮೆ ಆ ಕಡೆ ನೋಡುತ್ತಿದ್ದಳು. ಎರಡರಲ್ಲೂ ರಾಜಾನುಕುಂಟೆಯ ಅದೇ ಸರ್ವೆ ನಂಬರು. ಎದುರಿಗೆ ಕುಳಿತ ಪಿಳ್ಳಪ್ಪ ಮೂರನೇ ಸಲವೂ ಅದನ್ನೇ ಹೇಳಿದ.

"ಒಂದೇ ಒಲ ಕಣಮ್ಮ. ಒಂದೂವರೆ ಎಕರೆ."

ಪಿಳ್ಳಪ್ಪನಿಗೆ ಅರವತ್ತೆರಡು. ಅವನ ಅಣ್ಣನ ಮಗ ಅನಂತರಾಜು ಲೇಔಟ್ ಮಾಡುವವನು. ಅಣ್ಣನ ಪಾಲಿನಲ್ಲಿ ಆಗಲೇ ಸೈಟು ಕಲ್ಲು ನೆಟ್ಟಾಗಿತ್ತು, ನಡುವೆ ಉಳಿದದ್ದು ಪಿಳ್ಳಪ್ಪನ ಒಂದೂವರೆ ಎಕರೆ, ಅದನ್ನೂ ಮಾರಿಬಿಡಿ ಅಂತ ಅವನು ಬೆನ್ನು ಬಿದ್ದಿದ್ದ. ಎರಡು ವರ್ಷದಿಂದ ಅಲ್ಲಿ ಮುಸುಕಿನ ಜೋಳ ಮೊಣಕಾಲುದ್ದಕ್ಕೆ ಬಂದು ನಿಲ್ಲುತ್ತಿತ್ತು, ಎಲೆ ನೇರಳೆಗೆ ತಿರುಗುತ್ತಿತ್ತು. ಇವನು ಡಿಎಪಿ ರಸಗೊಬ್ಬರ ಸುರಿದ, ಮತ್ತೆ ಸುರಿದ, ಎಲೆ ಇನ್ನಷ್ಟು ನೇರಳೆಯಾಯಿತು. "ಮಣ್ಣು ಸತ್ತೋಗಿದೆ ಚಿಕ್ಕಪ್ಪ" ಅಂತ ಅನಂತರಾಜು ಹೋದಲ್ಲಿ ಬಂದಲ್ಲಿ ಹೇಳತೊಡಗಿದ. ಕೊನೆಗೆ ಪಿಳ್ಳಪ್ಪನಿಗೂ ರೇಗಿ, "ಆಯ್ತು ಬಿಡಪ್ಪ, ಟೆಸ್ಟು ಮಾಡ್ಸಾನ. ಸತ್ತಿದ್ರೆ ನಿನ್ನ ಅಗ್ರಿಮೆಂಟಿಗೆ ಸೈನ್ ಆಕ್ತೀನಿ. ಬದುಕಿದ್ರೆ ನನ್ನ ಪಾಡಿಗೆ ನನ್ನ ಬುಟ್ಬುಡು" ಅಂದುಬಿಟ್ಟ. ಒಬ್ಬರು ತಂದ ಮಣ್ಣಿನ ಮೇಲೆ ಇನ್ನೊಬ್ಬರಿಗೆ ನಂಬಿಕೆ ಇಲ್ಲ, ಆದ್ದರಿಂದ ಅವನೊಂದು ಚೀಲ ಕೊಟ್ಟ, ಇವನೊಂದು ಚೀಲ ಕೊಟ್ಟ.

"ಅನಂತರಾಜು ಅವರು ಕೊಟ್ಟಿದ್ದರಲ್ಲಿ ರಂಜಕ ರಾಶಿ ಇದೆ ತಾತ, ಆದ್ರೆ ಗಿಡಕ್ಕೆ ಸಿಗೋದು ಏನೂ ಇಲ್ಲ" ಅಂದಳು ಧನುಶ್ರೀ.

"ಐತೆ ಅಂತೀಯ, ಇಲ್ಲ ಅಂತೀಯ. ಯಾವ್ದನ್ನ ನಂಬ್ಲವ್ವ?"

ಹುಡುಗಿಗೆ ತಾಳ್ಮೆ ಇತ್ತು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡಳು. "ನೀವು ಇಷ್ಟು ವರ್ಷ ಹಾಕಿದ ಡಿಎಪಿಯಲ್ಲಿದ್ದ ರಂಜಕ ಬಹಳಷ್ಟು ಅಲ್ಲೇ ಕೂತಿದೆ. ನಮ್ಮ ಕೆಂಪು ಮಣ್ಣು ಅದನ್ನ ಗಟ್ಟಿಯಾಗಿ ಹಿಡ್ಕೊಂಡುಬಿಡುತ್ತೆ, ಬೇರಿಗೆ ಬಿಟ್ಕೊಡಲ್ಲ. ಬಿಡಿಸಿಕೊಡೋದು ಮಣ್ಣಲ್ಲಿರೋ ಕಣ್ಣಿಗೆ ಕಾಣದ ಜೀವಿಗಳು. ಹುಳಿ ಬಿಟ್ಟು ಕರಗಿಸ್ತವೆ, ತಾವೂ ಒಂದಷ್ಟು ತಿಂತವೆ, ಸತ್ತಾಗ ತಿಂದದ್ದನ್ನ ಬೇರಿಗೆ ಬಿಟ್ಟು ಹೋಗ್ತವೆ. ಅವು ಬದುಕೋಕೆ ಸಗಣಿ ಗೊಬ್ಬರ, ತರಗೆಲೆ, ತೇವ ಬೇಕು. ಇಲ್ಲಿ ಅವೇ ಇಲ್ಲ."

ಪಿಳ್ಳಪ್ಪ ಯೋಚಿಸಿದ. "ಅಂಗಾರೆ ಕಣಜದ ತುಂಬ ರಾಗಿ ಐತೆ, ಬೀಸೋರಿಲ್ಲ."

"ಹಾಂ, ಹಾಗೇ ತಾತ. ಆದ್ರೆ ನೀವು ಕೊಟ್ಟ ಮಣ್ಣಲ್ಲಿ ಬೀಸೋರು ಕಿಕ್ಕಿರಿದಿದ್ದಾರೆ. ಒಂದೇ ಹೊಲದಲ್ಲಿ ಇಷ್ಟು ವ್ಯತ್ಯಾಸ ಹೇಗೆ? ಎಂಟು ಹತ್ತು ಕಡೆ ಅಗೆದು, ಬೆರೆಸಿ ತಾನೇ ತಂದಿದ್ದು?"

ಪಿಳ್ಳಪ್ಪ ತನ್ನ ಚೀಲದ ಹಾಳೆಯನ್ನು ಕೈಗೆತ್ತಿಕೊಂಡ. ಹತ್ತು ಕಡೆ ಅಗೆಯಬೇಕು ಅಂತ ಅವನಿಗೆ ಯಾರು ಹೇಳಿದ್ದರು? ಸ್ಯಾಂಪಲ್ ತನ್ನಿ ಅಂದಿದ್ದರು, ಅಷ್ಟೆ. ಬಿತ್ತನೆ ರಾಗಿಗೆ ತೆನೆ ಆರಿಸುವಾಗ ಅವನ ಅಪ್ಪ, ಅಪ್ಪನ ಅಪ್ಪ ಇಡೀ ಹೊಲ ಸುತ್ತಿ ಅತಿ ಒಳ್ಳೆಯದನ್ನು ಆರಿಸುತ್ತಿದ್ದರು. ಸೊರಗಿದ ತೆನೆಯನ್ನು ಯಾರಾದರೂ ಮಾದರಿಗೆ ತೆಗೆದಿಡುತ್ತಾರೆಯೇ? ಇವನೂ ಹಾಗೆಯೇ ಸುತ್ತಿ, ಬದುವಿನ ಹೊಂಗೆ ಮರದ ಬುಡದಲ್ಲಿ ಕಪ್ಪಗೆ, ಮೆತ್ತಗೆ ಇದ್ದ ಮಣ್ಣನ್ನು ಎರಡು ಬೊಗಸೆ ತುಂಬಿದ್ದ. ಮೋಸ ಮಾಡಬೇಕೆಂದು ಕನಸಿನಲ್ಲೂ ಅಂದುಕೊಂಡಿರಲಿಲ್ಲ.

"ಒಲದ್ದೇ ಕಣಮ್ಮ" ಅಂದು, ಹಾಳೆ ಮಡಿಸಿ ಜೇಬಿಗಿಟ್ಟು, ಎದ್ದು ಬಂದುಬಿಟ್ಟ.

ಬಸ್ಸು ಯಲಹಂಕ ದಾಟುವವರೆಗೂ ಅವನು ಅದನ್ನೇ ಲೆಕ್ಕ ಹಾಕುತ್ತಿದ್ದ. ಜೇಬಿನಲ್ಲಿರುವ ಹಾಳೆಯ ಪ್ರಕಾರ ಹೊಲ ಉಳಿಯಿತು. ಆದರೆ ಬದುಕಿರುವುದು ಹೊಂಗೆ ಬುಡ. ಹೊಂಗೆ ಬುಡವೂ ಹೊಲವೇ ತಾನೇ, ಅದೇ ಸರ್ವೆ ನಂಬರು ತಾನೇ? ಹಾಗಾದರೆ ಸುಳ್ಳು ಎಲ್ಲಿಂದ ಬಂತು? ಸುಳ್ಳೇ ಇಲ್ಲ ಅಂತ ಅವನೇ ಉತ್ತರ ಕೊಟ್ಟುಕೊಂಡ, ಆ ಉತ್ತರ ಅವನಿಗೇ ಒಪ್ಪಿಗೆಯಾಗಲಿಲ್ಲ. ಹಸು ಮಾರಿ ನಾಲ್ಕು ವರ್ಷವಾಗಿತ್ತು. ಕುಡಿಯುವವರಿಲ್ಲದ ಕಲಗಚ್ಚನ್ನು ಹೆಂಡತಿ ಅಂಜನಮ್ಮ ದಿನಾ ಸಂಜೆ ತಂದು ಆ ಮರದ ಬುಡಕ್ಕೇ ಸುರಿಯುತ್ತಿದ್ದಳು. ಹಸು ಹೋದ ಮೇಲೆ ಹೊಲಕ್ಕೆ ಒಂದು ಮಂಕರಿ ಸಗಣಿಯೂ ಬಿದ್ದಿರಲಿಲ್ಲ. ಇದೆಲ್ಲ ಕಣ್ಣೆದುರೇ ಇತ್ತು, ಇವನಿಗೆ ಹೊಳೆದದ್ದು ಬಸ್ಸಿನಲ್ಲಿ.

ಹೊಲದ ಹತ್ತಿರ ಬಂದರೆ ಅನಂತರಾಜು ಕಾರು ನಿಲ್ಲಿಸಿಕೊಂಡು, ಫೈಲು ಕಂಕುಳಲ್ಲಿಟ್ಟುಕೊಂಡು ಕಾದಿದ್ದ. ಬಿಳಿ ಷರ್ಟು, ಪಾಲಿಶ್ ಮಾಡಿದ ಬೂಟು.

"ಏನಂದ್ರು ಚಿಕ್ಕಪ್ಪ?"

ಪಿಳ್ಳಪ್ಪ ಹಾಳೆ ಕೊಟ್ಟ. ಅನಂತರಾಜು ಓದಿದ, ಮತ್ತೊಮ್ಮೆ ಓದಿದ, ಹುಬ್ಬು ಗಂಟಿಕ್ಕಿದ. ಆಮೇಲೆ ನಿಧಾನವಾಗಿ, "ಸರಿ. ನನ್ನ ಚೀಲದ್ದು ಬಿಡಿ, ಮಾತು ಮಾತೇ. ನಿಮ್ಮ ಹೊಲ ನಿಮಗೆ" ಅಂದು ಕಾರಿನತ್ತ ತಿರುಗಿದ.

ಬಾಯಿ ಮುಚ್ಚಿಕೊಂಡು ನಿಂತಿದ್ದರೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪಿಳ್ಳಪ್ಪನ ಹೊಟ್ಟೆಯಲ್ಲಿ ಮಾತು ನಿಲ್ಲುವುದಿಲ್ಲ, ಊರಿಗೆಲ್ಲ ಗೊತ್ತು.

"ಲೇ ಅನಂತ. ಅದು ಒಲದ ನಡುವಿಂದಲ್ಲ. ಒಂಗೆ ಬುಡದ್ದು. ಅತ್ತು ಕಡೆ ಅಗೆದು ಬೆರೆಸ್ಬೇಕಿತ್ತಂತೆ."

ಹೇಳಿದ ಮರುಕ್ಷಣ ಅವನಿಗೆ ಅಳು ಬಂದಂತಾಯಿತು. ಎಲ್ಲಿ ಉಳುಮೆ ಕಲಿತನೋ, ಎಲ್ಲಿ ಅಪ್ಪ ಕೊನೆಯ ಸಲ ಬಿತ್ತನೆ ಹಾಕಿ ಮಲಗಿದನೋ ಆ ಜಾಗವನ್ನು ತನ್ನ ಬಾಯಿಂದಲೇ ಕೊಟ್ಟುಬಿಟ್ಟೆ ಅನ್ನಿಸಿತು. ಫೈಲು ಈಗ ತೆರೆಯುತ್ತದೆ, ಈಗ ತೆರೆಯುತ್ತದೆ ಅಂತ ಕಾದ.

ಅನಂತರಾಜು ತೆರೆಯಲಿಲ್ಲ. 

"ನಿಮ್ಮದು ಮರದ ಬುಡದ್ದು. ನಂದು ಅಲ್ಲಿಂದ ತಂದಿದ್ದು" ಅಂತ ಹೊಲದ ಗೇಟಿನ ಕಡೆ ಕೈ ತೋರಿಸಿದ. ನೀರಿನ ಟ್ಯಾಂಕರುಗಳು ತಿರುಗಿ ತಿರುಗಿ ನೆಲ ಕಲ್ಲಿನಂತಾಗಿದ್ದ ಜಾಗ ಅದು. ಒಂದು ಕಾಲದಲ್ಲಿ ಡಿಎಪಿ ಮೂಟೆಗಳನ್ನು ಇಳಿಸಿ ಒಡೆಯುತ್ತಿದ್ದದ್ದೂ ಅಲ್ಲೇ. "ಕೆಸರಿತ್ತು ಚಿಕ್ಕಪ್ಪ. ಒಳಗೆ ಯಾರು ಹೋಗ್ತಾರೆ ಅಂತ ಅಲ್ಲೇ ಕೆರೆದು ತುಂಬಿಸ್ದೆ."



"ಅಂಗಾರೆ ಒಲ?" ಅಂದ ಪಿಳ್ಳಪ್ಪ.

"ಹೊಲ ಯಾರಿಗ್ ಗೊತ್ತು?"

ಪಿಳ್ಳಪ್ಪ ಬದುವಿನ ಮೇಲಿದ್ದ ಗುದ್ದಲಿ ತೆಗೆದುಕೊಂಡು ನೇರಳೆಗೆ ತಿರುಗಿದ ಜೋಳದ ಎಲೆಗಳ ನಡುವೆ ನಡೆದ. ಏನು ಮಾಡುತ್ತಿದ್ದೇನೆಂದು ಅವನಿಗೂ ಸರಿಯಾಗಿ ತಿಳಿದಿರಲಿಲ್ಲ. ಅನಂತರಾಜು ಹಿಂದೆಯೇ ಬಂದ. ಸರಿಯಾಗಿ ನಡುವಿನಲ್ಲಿ ಪಿಳ್ಳಪ್ಪ ಗೇಣುದ್ದ ಅಗೆದ. ಒಂದು ಹೆಂಟೆ ತೆಗೆದು ಮೂಸಿದ. ಜೀವ ಇರುವ ಮಣ್ಣಿನ ವಾಸನೆ ಬಂತು. ಬೆಳಿಗ್ಗೆ ಹೊರಡುವ ಮುಂಚೆ ಇನ್ನೊಮ್ಮೆ ಹೊಂಗೆ ಬುಡ ಕೆದಕಿ ನೋಡಿದ್ದ ಕೈಯ ವಾಸನೆಯೋ, ಈ ಹೆಂಟೆಯದೋ, ಗೊತ್ತಾಗಲಿಲ್ಲ.

"ನೀನು ಮೂಸು. ನನ್ನ ಕೈ ನಂಬಂಗಿಲ್ಲ."

ಅನಂತರಾಜು ಪ್ಯಾಂಟು ನೋಡಿಕೊಂಡ. ಅಗ್ರಿಮೆಂಟಿನ ಫೈಲನ್ನು ನೆಲಕ್ಕೆ ಹಾಸಿ, ಅದರ ಮೇಲೆ ಮೊಣಕಾಲೂರಿ, ಗುಂಡಿಯೊಳಗೆ ಮುಖ ಬಗ್ಗಿಸಿದ. ಒಮ್ಮೆ ಮೂಸಿ, ಮತ್ತೆ ಮೂಸಿದ.

"ಏನೋ?"

"ಗೊತ್ತಾಗ್ತಿಲ್ಲ ಚಿಕ್ಕಪ್ಪ. ಇನ್ನೂ ಒಂಬತ್ತು ಕಡೆ ಅಗೀಬೇಕೇನೋ."

ಅಷ್ಟರಲ್ಲಿ ಕಲಗಚ್ಚಿನ ಬಕೆಟ್ಟು ಹಿಡಿದು ಅಂಜನಮ್ಮ ಬದುವಿನ ಮೇಲೆ ಬರುತ್ತಿದ್ದಳು. ಹೊಲದ ನಡುವೆ ಬಗ್ಗಿದ್ದ ಇಬ್ಬರನ್ನು ಕಂಡು ನಿಂತಳು. "ಏನ್ ಕಳ್ಕೊಂಡ್ರಿ ಇಬ್ರೂ?" ಅಂದಳು.

"ಮರಕ್ಕೆ ಬ್ಯಾಡ ಕಣೆ. ಇತ್ಲಾಗ್ ತಾ" ಅಂದ ಪಿಳ್ಳಪ್ಪ.

"ತಲೆ ಸರಿಗೈತಾ?" ಅನ್ನುತ್ತಲೇ ಅವಳು ಬಂದು, ಅವನು ತೋರಿಸಿದ ಗುಂಡಿಗೆ ಬಕೆಟ್ಟು ಬಗ್ಗಿಸಿದಳು. ಅಕ್ಕಿ ತೊಳೆದ ನೀರು, ಎರಡು ಸೊಪ್ಪಿನ ದಂಟು, ಮುದ್ದೆಯ ತಳದ ಹಿಟ್ಟು ಗುಂಡಿ ತುಂಬಿ ನಿಂತವು. ನೀರು ಇಂಗಲಿಲ್ಲ. ಮೂವರೂ ಅದನ್ನೇ ನೋಡಿದರು, ಅನಂತರಾಜು ಫೈಲಿನ ಮೇಲಿಂದ ಏಳಲೇ ಇಲ್ಲ. ತುಸು ಹೊತ್ತಿಗೆ ನೀರಿನ ತಳದಿಂದ, ಒಳಗೇನೋ ಉಸಿರು ಬಿಟ್ಟ ಹಾಗೆ, ಒಂದು ಗುಳ್ಳೆ ಎದ್ದು ಬಂತು. ಆಮೇಲೆ ಇನ್ನೊಂದು.