ಬಾತುರಾಯರ ಬಾಯಿಗೆ ರಿಬ್ಬನ್

ನನ್ನ ನಾದಿನಿ ಪುಟ್ಟ ಮಕ್ಕಳಿಗೆ ಇಂಗ್ಲಿಷ್ ಕಲಿಸುವ ಶಾಲೆ ಇಟ್ಟಿದ್ದಾಳೆ. ಶಾಲೆ ಎಂದರೆ ಚಪ್ಪಲಿ ರಿಪೇರಿ ಅಂಗಡಿಯ ಮೇಲಿನ ಒಂದು ಉದ್ದನೆಯ ಕೋಣೆ. ಕೆಳಗಿನಿಂದ ಪಾಲಿಶಿನ ವಾಸನೆ, ಮೇಲಿನಿಂದ ಮಕ್ಕಳ ಗಲಾಟೆ, ಮೆಟ್ಟಿಲ ಮೇಲೆ ಎರಡೂ ಸೇರಿ ತಲೆ ಚಿಟ್ಟು ಹಿಡಿಸುತ್ತವೆ. ನಾನು ಮೊದಲು ಬಾಗಿಲ ಬಳಿ ಮೇಜು ಹಾಕಿಕೊಂಡು ಕೂತು ಬಂದವರ ಮೂಗು ಒರೆಸಿ, ಬೂಟಿನ ಲೇಸು ಬಿಚ್ಚಿ ಒಳಗೆ ಕಳಿಸುತ್ತಿದ್ದೆ. ಚಿಕ್ಕವರ ಕ್ಲಾಸಿನ ಟೀಚರ್ ಹೆರಿಗೆಗೆ ಹೋದಾಗ ಬೇರೆ ಯಾರೂ ಸಿಗದೆ ನನ್ನನ್ನೇ ಒಳಗೆ ನೂಕಿದಳು. ನನ್ನ ಇಂಗ್ಲಿಷ್ ಹಳ್ಳಿ ಶಾಲೆಯಲ್ಲಿ ಬೆತ್ತದ ತುದಿಯಿಂದ ಶುರುವಾದದ್ದು, ಆಮೇಲೆ ಒಂದು ಹೋಟೆಲಿನ ಕೌಂಟರಿನಲ್ಲಿ ಪರದೇಶದ ಗಿರಾಕಿಗಳ ಜೊತೆ ಜಗಳವಾಡಿ ಪಕ್ಕಾ ಆದದ್ದು. ಜಗಳದಲ್ಲಿ ಕಲಿತ ಭಾಷೆ ಮರೆಯುವುದಿಲ್ಲ.

ನಾದಿನಿಯದು ಒಂದು ಪದ್ಧತಿ. ಎಲ್ಲೋ ಹೋಗಿ ತರಬೇತಿ ಪಡೆದು ತಂದದ್ದು. ಟೀಚರಿಗೆ ಮನೆಮಾತು ಬರುತ್ತದೆ ಎಂದು ಮಕ್ಕಳಿಗೆ ಗೊತ್ತಾಗಲೇಬಾರದು. ಗೊತ್ತಾದರೆ ಅವರು ಇಂಗ್ಲಿಷಿನ ಕಡೆ ತಲೆ ಹಾಕಿ ಕೂಡ ಮಲಗುವುದಿಲ್ಲವಂತೆ. ಹಾಗಾಗಿ ನಾನು ಪರದೇಶದಿಂದ ಬಂದ ಮಿಸ್ಸು. ಇದೇ ಮುಖ, ಇದೇ ಸೀರೆ, ಆದರೂ ಪರದೇಶ. ನನ್ನ ಕ್ಲಾಸಿನವರು ಹೊಸದಾಗಿ ಸೇರಿದ ಮಕ್ಕಳು, ನಂಬಿದರು, ಮಕ್ಕಳಿಗೇನು. ಕಷ್ಟ ಬಿದ್ದದ್ದು ನನಗೆ. ತರಕಾರಿ ಅಂಗಡಿಯಲ್ಲಿ ಒಬ್ಬ ಶಿಷ್ಯ ಕಂಡರೂ ನಾನು ಮೂಗಿಯಾಗಬೇಕು. ಇದು ಆ ಅಂಗಡಿಯವನಿಗೆ ಗೊತ್ತಾಗಿಬಿಟ್ಟಿತು. ಮಕ್ಕಳು ಪಕ್ಕದಲ್ಲಿದ್ದಾಗಲೇ ಬೇಕೆಂದು ಮೆತ್ತಗಾದ ಟೊಮೆಟೊ ಆರಿಸಿ ಆರಿಸಿ ನನ್ನ ಚೀಲಕ್ಕೆ ಹಾಕುತ್ತಿದ್ದ. ಬೈಗುಳ ಗಂಟಲಲ್ಲೇ ಕುದಿದು ಆರುತ್ತಿತ್ತು.

ಪದ್ಧತಿಯ ಇನ್ನೊಂದು ಭಾಗ ಬಾತುಕೋಳಿ. ನನ್ನ ಗಂಡನ ಹಳದಿ ಕಾಲುಚೀಲದಲ್ಲಿ ಒಂದನ್ನು ಎತ್ತಿಕೊಂಡು, ಕಿತ್ತಳೆ ಬಣ್ಣದ ಬಟ್ಟೆಯ ಕೊಕ್ಕು ಹೊಲಿದು, ಗುಂಡಿಯ ಕಣ್ಣಿಟ್ಟು ನಾದಿನಿಯೇ ಮಾಡಿದ್ದು. ಕೈ ಒಳಗೆ ತೂರಿಸಿ ಬೆರಳು ಆಡಿಸಿದರೆ ಕೊಕ್ಕು ಮಾತಾಡುತ್ತದೆ. ಉಳಿದ ಒಂದು ಕಾಲುಚೀಲ ಇನ್ನೂ ಗಟ್ಟಿಯಿದೆ ಎಂದು ನಮ್ಮ ಮನೆಯವರು ಅದನ್ನು ಒಂದು ಕಾಲಿಗೆ, ಕಪ್ಪನೆಯದೊಂದನ್ನು ಇನ್ನೊಂದು ಕಾಲಿಗೆ ಹಾಕಿಕೊಂಡು ಓಡಾಡುತ್ತಾರೆ. ಬಾತಿಗೆ ಇಂಗ್ಲಿಷ್ ಬಿಟ್ಟು ಬೇರೇನೂ ಬರುವುದಿಲ್ಲ. ಅದು ನಮ್ಮ ಮಾತು ಕಲಿತುಬಿಟ್ಟರೆ ಪೆಟ್ಟಿಗೆಯಲ್ಲಿ ಹಾಕಿ ಅದರ ದೇಶಕ್ಕೆ ವಾಪಸ್ ಕಳಿಸುತ್ತಾರೆ ಎಂದು ನಾದಿನಿ ಮೊದಲ ದಿನವೇ ಮಕ್ಕಳನ್ನು ಹೆದರಿಸಿಟ್ಟಿದ್ದಳು. ಮಕ್ಕಳು ಅದನ್ನು ಮಿಸ್ಟರ್ ಡಕ್ ಎನ್ನುತ್ತಿದ್ದರು. ಅದರ ಗತ್ತು ನೋಡಿ ನಾನು ಮನಸ್ಸಿನಲ್ಲೇ ಬಾತುರಾಯರು ಎಂದು ಹೆಸರಿಟ್ಟಿದ್ದೆ.

ಕ್ಲಾಸು ನನಗೆ ಹಿಡಿಸಿತು. ಇದನ್ನು ನಾದಿನಿಯ ಮುಂದೆ ಹೇಳಲಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಾಳೆ. ಆದರೆ ಒಂದು ದಿನ ಅವಳೇ ಬಂದು, ಸರ್ಟಿಫಿಕೇಟ್ ಇರುವ ಹುಡುಗಿಯೊಬ್ಬಳು ಕೆಲಸ ಕೇಳಿಕೊಂಡು ಬಂದಿದ್ದಾಳೆ ಎಂದಳು. ಅಪ್ಪ ಅಮ್ಮಂದಿರು ಕ್ಲಾಸು ನೋಡಲು ಬರುವ ದಿನ ಮಕ್ಕಳು ಬಾಯಿ ಬಿಟ್ಟು ಇಂಗ್ಲಿಷ್ ಆಡಬೇಕು, ಒಂದೇ ಒಂದು ಮನೆಮಾತು ಕೇಳಿಸಬಾರದು. ಕೇಳಿಸಿದರೆ ನಾನು ಮತ್ತೆ ಬಾಗಿಲ ಬಳಿಯ ಮೇಜಿಗೆ.

"ಅತ್ತಿಗೆ, ನಿಮ್ಮ ಕೋಪ ಒಂದು ಸ್ವಲ್ಪ ಕೈಯಲ್ಲಿ ಹಿಡ್ಕೊಳ್ಳಿ" ಎಂದಳು.

"ಕೈಯಲ್ಲಿ ನಿನ್ನ ಬಾತು ಇದೆಯಲ್ಲೇ, ಕೋಪ ಎಲ್ಲಿ ಹಿಡ್ಕೊಳ್ಳಲಿ" ಎಂದೆ.

ನನ್ನ ಕ್ಲಾಸಿನ ಮಕ್ಕಳೋ ಇಂಗ್ಲಿಷ್ ಎಂದರೆ ಬಾಯಿಗೆ ಬೀಗ ಹಾಕಿಕೊಂಡವರು. ಚಿತ್ರ ತೋರಿಸಿದರೆ ಆ್ಯಪಲ್, ಕ್ಯಾಟ್ ಎಂದು ಒಂದೊಂದು ಪದ ಉದುರಿಸುತ್ತಿದ್ದರು, ಸಾಲು ಕಟ್ಟುತ್ತಿರಲಿಲ್ಲ. ಅವರಲ್ಲಿ ಗುಬ್ಬಿ ಎಂಬ ರಿಬ್ಬನ್ ಜಡೆಯವಳು ಮುಂದಾಳು. ವಕೀಲ ಎಂದು ನಾನು ಕರೆಯುವ ಹುಡುಗ ಎಲ್ಲದಕ್ಕೂ ವಾದ ಹೂಡುವವನು. ಇನ್ನೊಬ್ಬ ಬೆರಳುಚೀಪ. ಅವನ ಹೆಬ್ಬೆರಳು ಬಾಯಿಂದ ಹೊರಗೆ ಬಂದದ್ದನ್ನೇ ನಾನು ಕಂಡಿರಲಿಲ್ಲ, ಇಂಗ್ಲಿಷ್ ಎಲ್ಲಿಂದ ಬರಬೇಕು.

ಒಂದು ದಿನ ಕಾಗದ ಅಂಟಿಸುವ ಪಾಠ. ಬಾತುರಾಯರಿಗೆ ಹಸಿವಾಗಿದೆ ಎಂದು ನಾನು ಇಂಗ್ಲಿಷಿನಲ್ಲಿ ಹೇಳಿದ್ದೇ ತಪ್ಪಾಯಿತು. ನಾನು ಕಿಟಕಿ ಹಾಕಲು ಗೊಂಬೆಯನ್ನು ಕೆಳಗಿಟ್ಟು ತಿರುಗಿ ಬರುವಷ್ಟರಲ್ಲಿ ವಕೀಲ ಕರುಣೆಯಿಂದ ಅದಕ್ಕೆ ಗೋಂದು ಕುಡಿಸಿದ್ದ. ಕೈ ತೂರಿಸಿದೆ. ತಣ್ಣಗೆ, ಲೊಳಲೊಳ, ಮಣಿಕಟ್ಟಿನವರೆಗೂ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುವುದು.

"ಯಾವನೋ ಅವನು ಗೋಂದು ಹುಯ್ದವನು? ಕಿವಿ ಹಿಂಡಿ, ಅದೇ ಗೋಂದಲ್ಲಿ ಗೋಡೆಗೆ ಅಂಟಿಸ್ತೀನಿ ನೋಡು."

ಕೈ ಗೊಂಬೆಯ ಒಳಗೇ ಇತ್ತು. ಅಭ್ಯಾಸಬಲದಿಂದ ಬೆರಳು ಆಡಿದವು. ಕೊಕ್ಕು ಪ್ರತಿ ಮಾತಿಗೂ ಸರಿಯಾಗಿ ಕುಣಿಯಿತು.

ನಾನು ನಾಲಿಗೆ ಕಚ್ಚಿಕೊಂಡೆ. ಕೆಲಸ ಹೋಯಿತು ಎಂದುಕೊಂಡೆ. ಆದರೆ ಒಬ್ಬರೂ ನನ್ನ ಮುಖ ನೋಡುತ್ತಿಲ್ಲ, ಎಲ್ಲರ ಕಣ್ಣೂ ಬಾತಿನ ಮೇಲೆ. ಗುಬ್ಬಿ ಮೆಲ್ಲಗೆ ಪಕ್ಕದವಳಿಗೆ, ಬಾತಿಗೆ ನಮ್ಮ ಮಾತು ಬಂದುಬಿಡ್ತು ಕಣೇ ಎಂದಳು. ವಕೀಲ ನನ್ನ ಸೆರಗು ಜಗ್ಗಿ, ಪಾಪ, ಪರದೇಶದವಳಿಗೆ ಅರ್ಥವಾಗಲಿಲ್ಲವೆಂದು, "ಮಿಸ್, ಡಕ್ ಆಂಗ್ರಿ" ಎಂದು ತಿಳಿಸಿ ಹೇಳಿದ. ಅವನ ಬಾಯಿಂದ ಬಂದ ಮೊದಲ ಇಂಗ್ಲಿಷ್ ಸಾಲು ಅದು. ನಾನು ಗಂಭೀರವಾಗಿ ತಲೆಯಾಡಿಸಿದೆ.

ಮನೆಗೆ ತಂದು ಒಗೆದೆ. ಗೋಂದೇನೋ ಬಿಟ್ಟಿತು, ಜೊತೆಗೆ ಕುತ್ತಿಗೆಯ ಹೊಲಿಗೆಯೂ ಬಿಟ್ಟಿತು. ಹಳದಿ ದಾರ ಸಿಗಲಿಲ್ಲ, ಒಳಗಡೆಯಿಂದ ಒಂದು ಪಿನ್ನು ಚುಚ್ಚಿದೆ. ಅದು ಎಲ್ಲಿದೆ ಎಂದು ನನ್ನ ಬೆರಳಿಗೆ ಗೊತ್ತಿತ್ತು.

ಅಂದಿನಿಂದ ಬಿಡುವಿನಲ್ಲಿ ಮಕ್ಕಳು ಬಾತಿನ ಕಿವಿ ಇರಬೇಕಾದ ಜಾಗದಲ್ಲಿ ಪಿಸುಗುಟ್ಟತೊಡಗಿದರು. ನನಗೆ ಅರ್ಥವಾಗುವುದಿಲ್ಲವಲ್ಲ, ಪಕ್ಕದಲ್ಲೇ ಕೂತು ಕೇಳಿದೆ. ಗುಬ್ಬಿ ಅದಕ್ಕೆ ಬುದ್ಧಿ ಹೇಳುತ್ತಿದ್ದಳು. "ದೊಡ್ಡ ಮಿಸ್ ಮುಂದೆ ಸುಮ್ನಿರಬೇಕು, ತಿಳೀತಾ? ಬಾಯಿ ಬಿಟ್ಯೋ, ಪೆಟ್ಟಿಗೇಲಿ ಹಾಕಿ ಕಳಿಸ್ಬಿಡ್ತಾರೆ. ಆಮೇಲೆ ಅತ್ರೂ ವಾಪಸ್ ಬರಕ್ಕಾಗಲ್ಲ." ದೊಡ್ಡ ಮಿಸ್ ಎಂದರೆ ನಾದಿನಿ. ಬಾತಿಗೆ ಹೇಳಿದ ಬುದ್ಧಿ ನನಗೂ ಸರಿಯಾಗಿ ಅನ್ವಯಿಸುತ್ತಿತ್ತು.

ಆ ದಿನ ಬಂತು. ಅಪ್ಪ ಅಮ್ಮಂದಿರು ಮಕ್ಕಳ ಗಿಡ್ಡ ಕುರ್ಚಿಗಳಲ್ಲಿ ಮೊಣಕಾಲು ಗದ್ದಕ್ಕೆ ತಾಗುವಂತೆ ಕೂತರು. ನಾದಿನಿ ಇಸ್ತ್ರಿ ಮಾಡಿದ ನಗುವಿನೊಂದಿಗೆ ಬಾಗಿಲ ಬಳಿ ನಿಂತಳು. ನಾನು ಡಬ್ಬಿಯಿಂದ ಬಾತುರಾಯರನ್ನು ತೆಗೆದೆ. ಕೊಕ್ಕಿಗೆ ಗುಬ್ಬಿಯ ಕೆಂಪು ರಿಬ್ಬನ್ ಸುತ್ತಿ, ಗಂಟಿನ ಮೇಲೆ ಗಂಟು ಬಿಗಿದಿತ್ತು. ಗುಬ್ಬಿಯ ಒಂದು ಜಡೆ ಬಿಚ್ಚಿಕೊಂಡು ಜೋತಾಡುತ್ತಿತ್ತು. ಒಂದು ಕೈಯಲ್ಲಿ ಬಿಚ್ಚಲಾಗುವುದಿಲ್ಲ, ಹಲ್ಲಿನಿಂದ ಕಚ್ಚಿ ಬಿಚ್ಚೋಣವೆಂದರೆ ಇಷ್ಟು ಜನ.

ಬಾತು ಯಾಕೆ ಮಾತಾಡುತ್ತಿಲ್ಲ ಎಂದು ನಾದಿನಿ ಇಂಗ್ಲಿಷಿನಲ್ಲಿ ಮಕ್ಕಳನ್ನು ಕೇಳಿದಳು. ಉತ್ತರ ಬೇಕಿದ್ದದ್ದು ನನ್ನಿಂದ, ಎದ್ದು ನಿಂತವನು ವಕೀಲ.

"ಡಕ್ ಸಿಕ್."

ಏನಾಗಿದೆ ಎಂದಳು.

"ಥ್ರೋಟ್. ವೆರಿ ಬಿಗ್ ಪೇನ್. ಹೀ ಈಟ್ ಗ್ಲೂ."

ಗುಬ್ಬಿ ಬಿಡಲಿಲ್ಲ. "ಡಾಕ್ಟರ್ ಸೇ ನೋ ಟಾಕಿಂಗ್. ಟುಡೇ ಸ್ಲೀಪ್. ಟುಮಾರೋ ಟಾಕಿಂಗ್."

ಆಮೇಲೆ ಕಟ್ಟೆ ಒಡೆಯಿತು. ಬಾತಿಗೆ ತಲೆನೋವು, ಹೊಟ್ಟೆನೋವು, ಮೊಣಕಾಲು ನೋವು, ನಿನ್ನೆ ಮಳೆಯಲ್ಲಿ ನೆಂದಿತು, ಹಸಿರು ಔಷಧಿ ಕುಡಿಯಿತು, ಅದರಮ್ಮ ಅತ್ತಳು. ನಾನು ಕಲಿಸಿದ ಅಂಗಾಂಗ, ಬಣ್ಣ, ಹವಾಮಾನ ಎಲ್ಲ ಸಾಲುಗಟ್ಟಿ ಹೊರಬಂತು, ಎಲ್ಲವೂ ಹಸಿ ಸುಳ್ಳು, ಎಲ್ಲವೂ ಇಂಗ್ಲಿಷಿನಲ್ಲಿ. ಚಿತ್ರದ ಕಾರ್ಡು ಹಿಡಿದು ನಾನು ಗಂಟಲು ಹರಿದುಕೊಂಡದ್ದು ದಂಡ. ಮುಚ್ಚಿಡಲು ಒಂದು ಗುಟ್ಟು ಕೊಟ್ಟಿದ್ದರೆ ಸಾಕಿತ್ತು. ಅಪ್ಪ ಅಮ್ಮಂದಿರು ಹಿಗ್ಗಿ ಹೀರೇಕಾಯಿಯಾದರು.

ನಾದಿನಿಗೆ ಮಾತ್ರ ಸಮಾಧಾನವಿಲ್ಲ. ಪದ್ಧತಿಯ ಪ್ರಕಾರ ಮೊದಲು ಬಾತು ನಮಸ್ಕಾರ ಹೇಳಬೇಕು. ಗೊಂಬೆಯನ್ನು ನನ್ನ ಕೈಯಿಂದ ಕಿತ್ತುಕೊಂಡಳು, ಕತ್ತರಿ ತಂದು ರಿಬ್ಬನ್ ಕತ್ತರಿಸಿದಳು. ಪಿನ್ನಿದೆ ಎಂದು ಹೇಳಲು ನಾನು ಬಾಯಿ ತೆರೆದೆ. ಅವಳು ಕಣ್ಣು ಕೆಕ್ಕರಿಸಿದಳು. ದೊಡ್ಡವರು ಕಣ್ಣು ಬಿಟ್ಟ ಮೇಲೆ ನಾನೇನು ಮಾಡಲಿ, ತೆರೆದ ಬಾಯಿ ಮುಚ್ಚಿಕೊಂಡೆ. ಅವಳು ಕೈ ತೂರಿಸಿ, ಕೀರಲು ದನಿ ತೆಗೆದು, "ಹಲೋ ಚಿಲ್ಡ್ರನ್" ಎಂದಳು. ಅದೇ ಕೀರಲು ದನಿಯಲ್ಲಿ ಮುಂದಿನ ಮಾತು ಬಂತು.

"ಅಯ್ಯಯ್ಯೋ ಸತ್ತೆ, ಅತ್ತಿಗೆ, ಇದರೊಳಗೆ ಏನಿಟ್ಟು ಸಾಯ್ತಿದ್ದೀರಿ ನೀವು?"

ಕೊಕ್ಕು ಆಕಾಶ ನೋಡುತ್ತಾ ಅಗಲವಾಗಿ ತೆರೆದಿತ್ತು.

ಗುಬ್ಬಿ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಳು. ಆಗ ಬೆರಳುಚೀಪ ಎದ್ದ. ಬಾಯಿಂದ ಹೆಬ್ಬೆರಳು ತೆಗೆದ. ಸೀದಾ ಬಾತಿನ ಮುಂದೆ ಹೋಗಿ, ಮನೆಮಾತು ಆಡಿದವರಿಗೆ ನಾದಿನಿ ದಿನವೂ ಬೆರಳು ಆಡಿಸುವ ಹಾಗೆಯೇ ಆ ಒದ್ದೆ ಹೆಬ್ಬೆರಳನ್ನು ಆಡಿಸಿ, "ನೋ. ಓನ್ಲಿ ಇಂಗ್ಲಿಷ್" ಎಂದ.

ಅವನಮ್ಮ ಗಿಡ್ಡ ಕುರ್ಚಿಯಿಂದ ಬಿದ್ದೇಬಿಟ್ಟಳು, ನಗುವಿಗೋ ಸಂತೋಷಕ್ಕೋ ಗೊತ್ತಾಗಲಿಲ್ಲ. ಉಳಿದವರು ಚಪ್ಪಾಳೆ ತಟ್ಟಿದರು. ನಾದಿನಿಯ ಮುಖ ಹುಳ್ಳಗಾಯಿತು. ಆ ದಿನ ಆ ಕೋಣೆಯಲ್ಲಿ ಜೋರಾಗಿ ಮನೆಮಾತು ಆಡಿದವಳು ಅವಳೊಬ್ಬಳೇ.

ಎಲ್ಲರೂ ಹೋದ ಮೇಲೆ ಪಿನ್ನು ಚುಚ್ಚಿದ ಬೆರಳಿಗೆ ಉಫ್ ಎಂದು ಊದುತ್ತಾ ನನ್ನ ಬಳಿ ಬಂದಳು. ಸರ್ಟಿಫಿಕೇಟ್ ಹುಡುಗಿಗೆ ಏನು ಹೇಳಲಿ ಎಂದು ಕೇಳಿದೆ. ಬಾಗಿಲ ಬಳಿಯ ಮೇಜು ಖಾಲಿಯಿದೆ, ಬೇಕಾದರೆ ಅಲ್ಲಿ ಕೂರಲಿ ಎಂದಳು. ಬಾತನ್ನು ವಾಪಸ್ ಕಳಿಸುವ ಮಾತನ್ನೂ ಆಮೇಲೆ ಎತ್ತಲಿಲ್ಲ.

ಮರುದಿನ ನಾನೂ ನಮ್ಮ ಮನೆಯವರೂ ತರಕಾರಿ ಅಂಗಡಿಯಲ್ಲಿದ್ದೆವು. ಅಂಗಡಿಯವನು ಗುಬ್ಬಿಯನ್ನು ಕಂಡವನೇ ಮೆತ್ತನೆಯ ಟೊಮೆಟೊಗೆ ಕೈ ಹಾಕಿದ. ಗುಬ್ಬಿ ಅವಳಮ್ಮನ ಕೈ ಬಿಡಿಸಿಕೊಂಡು ಬಂದು ನಮ್ಮವರನ್ನು ಮೇಲಿನಿಂದ ಕೆಳಗಿನವರೆಗೂ ನೋಡಿದಳು. ಅವರ ಎಡಗಾಲಿನ ಹಳದಿ ಕಾಲುಚೀಲದ ಮೇಲೆ ಅವಳ ಕಣ್ಣು ನೆಟ್ಟಿತು. ಬಾತು ನನ್ನನ್ನು ಅತ್ತಿಗೆ ಎಂದು ಕರೆದದ್ದು ಅವಳಿಗೆ ಚೆನ್ನಾಗಿ ನೆನಪಿತ್ತು.

"ಮಿಸ್, ಯುವರ್ ಹಸ್ಬೆಂಡ್, ಡಕ್ಸ್ ಬ್ರದರ್?"

ಅವರು ಏನಂತೆ ಎಂದು ನನ್ನ ಮುಖ ನೋಡಿದರು. ನಾನು ಪರದೇಶದವಳು, ಅವರ ಮಾತು ನನಗೆಲ್ಲಿ ಅರ್ಥವಾಗಬೇಕು.

"ಯೆಸ್" ಎಂದೆ ಗುಬ್ಬಿಗೆ.